ಹಳೆಯ ಜಾವಾದ ಬ್ರೇಕು



ಕೆಲವು ದಿನಗಳ ಹಿಂದೆ ಒಬ್ಬ ಯುವಕ ನಮ್ಮ ಗುರುಮನೆಗೆ ಬಂದಿದ್ದ. ನಾನು ಎಳೆಯ ಗುರುವಾಗಿ ಚಾಮರಾಜನಗರದ ಕಡೆ ಸೇವೆಯಲ್ಲಿದ್ದಾಗ ಅಲ್ಲಿ ಉಪದೇಶಿಯಾಗಿದ್ದ ಹಿರಿಯರೊಬ್ಬರ ಮೊಮ್ಮಗ ಆತ. ಈಗ ಮೈಸೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಾಫಿ ಕುಡಿದು ಮನೆಯವರ ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, ತುಸು ಸಂಕೋಚದಿಂದಲೇ ತಾನು ಬಂದ ಉದ್ದೇಶವನ್ನು ತಿಳಿಸಿದ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ಡಿ ಬೈಕುಗಳ ಅಭಿಮಾನಿಗಳು ತಮ್ಮ ತಮ್ಮ ಊರುಗಳಲ್ಲಿ ಒಂದೆಡೆ ಸೇರುವ ರೂಢಿಯಿದೆಯಷ್ಟೆ. ಆ ದಿನಕ್ಕೆ ನಮ್ಮ ಶೆಡ್ಡಿನಲ್ಲಿರುವ ಹಳೆಯ ಜಾವಾ ಅವನಿಗೆ ಬೇಕಿತ್ತು.

“ತಾತನನ್ನ ಕೂರಿಸ್ಕೊಂಡು ಆನೆಯಿಂದ ತಪ್ಪಿಸ್ಕೊಂಡ ಬೈಕ್ ಅಲ್ವಾ ಫಾದರ್ ಅದು? ಚಿಕ್ಕವಯಸ್ಸಿನಿಂದ ಕೇಳಿದೀನಿ” ಎಂದ.

ಆ ಮಾತಿಗೆ ನಾನು ಕೂಡಲೇ ಉತ್ತರ ಕೊಡಲಿಲ್ಲ. “ಕೊಡುತ್ತೇನಪ್ಪ. ಆದರೆ ಬ್ರೇಕ್ ಸರಿಮಾಡದೆ ಯಾರ ಕೈಗೂ ಕೊಡುವುದಿಲ್ಲ. ಶನಿವಾರ ಬೆಳಿಗ್ಗೆ ಬಾ, ಇಬ್ಬರೂ ಸೇರಿ ಮಾಡೋಣ” ಎಂದೆ. ಅವನು ನಕ್ಕ. ಅವನ ಬೈಕಿಗೆ ಮುಂದೆಯೂ ಹಿಂದೆಯೂ ಡಿಸ್ಕ್ ಬ್ರೇಕು, ಜೊತೆಗೆ ಎಬಿಎಸ್. 2019ರಿಂದ ನಮ್ಮ ದೇಶದಲ್ಲಿ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಬ್ರೇಕ್ ಹಿಡಿದರೆ ಬೈಕ್ ನಿಲ್ಲುತ್ತದೆ ಎಂಬುದಷ್ಟೇ ಅವನಿಗೆ ಗೊತ್ತು. ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕುಳಿತು ಚಕ್ರಕ್ಕೆ ಕಿವಿಗೊಡುವ ಕೆಲಸ ಅವನ ತಲೆಮಾರಿನದಲ್ಲ.

ಆ ಜಾವಾ 1971ರದು, ನನಗಿಂತ ಒಂದು ವರ್ಷ ಚಿಕ್ಕದು. ಹಳೆಯ ಮೈಸೂರಿನ ಓದುಗರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಇಟ್ಟ ಹೆಸರು ಅದು. ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಅದನ್ನು ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಒದ್ದು ಸ್ಟಾರ್ಟ್ ಮಾಡಿದ ಅದೇ ಕಿಕ್ಕರನ್ನು ಮುಂದಕ್ಕೆ ಮಡಚಿದರೆ ಗೇರಿನ ಲಿವರ್. ನನ್ನದು ನಿವೃತ್ತರಾದ ಹಿರಿಯ ಗುರುಗಳೊಬ್ಬರು ನನ್ನ ದೀಕ್ಷೆಯ ಮರುವರ್ಷ ಬಿಟ್ಟುಕೊಟ್ಟದ್ದು. ಕೀಲಿಕೈಯ ಜೊತೆ ಅವರು ಕೊಟ್ಟ ಎಚ್ಚರಿಕೆ ಒಂದೇ: “ಬ್ರೇಕಿಗೆ ನೀನು ಕೈಹಾಕಬೇಡ.”

ನಾನು ಕೈಹಾಕಿದೆ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರವೆಂದು ವರ್ಷಗಟ್ಟಲೆ ಓದಿ ಬಂದವನಿಗೆ ಎರಡು ನಟ್ಟು ತಿರುಗಿಸುವುದು ಎಷ್ಟರ ಮಟ್ಟಿನ ಕೆಲಸ ಎಂಬ ಧೈರ್ಯ.

ಇದು ಡ್ರಮ್ ಬ್ರೇಕು. ಡಿಸ್ಕ್ ಬ್ರೇಕಿನಂತೆ ಕಣ್ಣಿಗೆ ಕಾಣುವುದಿಲ್ಲ. ಚಕ್ರದ ನಡುವಿನ ಹಬ್‌ನೊಳಗೆ ಡಬ್ಬಿಯಂಥ ಒಂದು ಟೊಳ್ಳು, ಅದೇ ಡ್ರಮ್. ಚಕ್ರದೊಂದಿಗೆ ಅದೂ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು ತಿರುಗದೆ ನಿಂತಿರುತ್ತವೆ. ಅವುಗಳ ಒಂದು ತುದಿ ಪಿನ್ನಿನ ಮೇಲೆ ಕುಳಿತಿದ್ದರೆ, ಮತ್ತೊಂದು ತುದಿಗಳ ನಡುವೆ ಕ್ಯಾಮ್ ಎಂಬ ಚಪ್ಪಟೆ ಕಬ್ಬಿಣವಿದೆ. ನೀವು ಲಿವರ್ ಹಿಡಿದಾಗ ಕೇಬಲ್ ಎಳೆದು ಆ ಕ್ಯಾಮ್ ಹೊರಳುತ್ತದೆ, ಶೂಗಳು ಅಗಲವಾಗಿ ಡ್ರಮ್ಮಿನ ಒಳಗೋಡೆಗೆ ಒತ್ತುತ್ತವೆ. ಬಿಟ್ಟೊಡನೆ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಎರಡು ಶೂಗಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಕೋಲೊಂದನ್ನು ನಿಮ್ಮ ಮುಂದೆ ಓರೆಯಾಗಿ ನೆಲಕ್ಕೆ ಊರಿ ನಡೆದುನೋಡಿ, ಅದು ನೆಲಕ್ಕೆ ನಾಟಿಕೊಳ್ಳುತ್ತದೆ. ಅದೇ ಕೋಲನ್ನು ಹಿಂದಕ್ಕೆ ಎಳೆದುಕೊಂಡು ನಡೆದರೆ ಸುಮ್ಮನೆ ಜಾರುತ್ತಾ ಬರುತ್ತದೆ. ಮುಂದಿನ ಶೂ ಮೊದಲನೆಯ ಕೋಲಿನಂತೆ. ತಿರುಗುವ ಡ್ರಮ್ಮೇ ಅದನ್ನು ತನ್ನೊಳಗೆ ಸೆಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಆದುದರಿಂದಲೇ ಹೆಚ್ಚು ಸವೆಯುವುದೂ ಅದೇ. ಇಷ್ಟು ಸಣ್ಣ ಯಂತ್ರಕ್ಕೆ ಅಷ್ಟು ದೊಡ್ಡ ಬಲ ಬರುವುದು ಹೀಗೆ. ಆದರೆ ಲಿವರ್ ಬಿಟ್ಟಿರುವಾಗ ಶೂವಿಗೂ ಡ್ರಮ್ಮಿಗೂ ನಡುವೆ ಒಂದು ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು. ಆಗ ನನಗೆ ತಿಳಿಯದೆ ಇದ್ದದ್ದು ಆ ಸಂದಿನ ವಿಷಯ.

1999ರ ಫೆಬ್ರವರಿ. ಉಪದೇಶಿಯವರ ತಂಗಿಗೆ ಸತ್ಯಮಂಗಲದಲ್ಲಿ ಕಾಯಿಲೆ ಉಲ್ಬಣಿಸಿದೆಯೆಂದು ಸುದ್ದಿ ಬಂದಿತ್ತು. ಬಸ್ಸಿಗೆ ಕಾಯುವುದು ಬೇಡ, ನಾನೇ ಕರೆದೊಯ್ಯುತ್ತೇನೆಂದೆ. ಚಾಮರಾಜನಗರದಿಂದ ಪುಣಜನೂರು, ಹಾಸನೂರುಗಳ ಮೇಲೆ ಕಾಡಿನಲ್ಲಿ ಸಾಗಿ, ದಿಂಬಂ ಎಂಬಲ್ಲಿಂದ 27 ತಲೆಪಿನ್ನು ತಿರುವುಗಳ ಘಾಟಿ ಇಳಿದರೆ ಕೆಳಗೆ ಬಣ್ಣಾರಿ. ವೀರಪ್ಪನ್ ಹೆಸರಿಗೆ ಹೆದರಿ ಜನ ಹೊತ್ತು ಮುಳುಗಿದ ಮೇಲೆ ಆ ದಾರಿ ಹಿಡಿಯದಿದ್ದ ಕಾಲವದು. ಘಾಟಿ ರಸ್ತೆಯಲ್ಲವೇ, ಬ್ರೇಕು ಚೆನ್ನಾಗಿರಲಿ ಎಂದು ಹಿಂದಿನ ರಾತ್ರಿ ಟಾರ್ಚಿನ ಬೆಳಕಿನಲ್ಲಿ ಕುಳಿತು ಎರಡೂ ಚಕ್ರಗಳ ನಟ್ಟುಗಳನ್ನು ಬಿಗಿ ಮಾಡಿದೆ. ಲಿವರನ್ನು ಬೆರಳು ಮುಟ್ಟಿದರೆ ಸಾಕು, ಹಿಡಿಯುತ್ತಿತ್ತು. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತು ಬಂದು ನಿಲ್ಲುತ್ತಿತ್ತು. ಆ ಬಿಗಿಯನ್ನು ಕಂಡು ನಾನು ಸಂತೋಷಪಟ್ಟೆನೆಂಬುದನ್ನು ನಿಮ್ಮ ಮುಂದೆ ಮರೆಮಾಚುವುದಿಲ್ಲ.

ಮರುದಿನ ಬೈಕು ಏಕೋ ಭಾರವಾಗಿತ್ತು. ಎದುರುಗಾಳಿ ಇರಬೇಕೆಂದುಕೊಂಡೆ. ಹಾಸನೂರಿನಲ್ಲಿ ಚಹಾಕ್ಕೆ ನಿಂತಾಗ ಉಪದೇಶಿಯವರು ಮೂಗರಳಿಸಿ, “ಸಾಮಿ, ಏನೋ ಸುಟ್ಟ ವಾಸ್ನೆ ಬತ್ತಾ ಅದೆ” ಎಂದರು. ಬೇಸಗೆ, ಎಲ್ಲೋ ಕಾಡಿಗೆ ಬೆಂಕಿ ಬಿದ್ದಿರಬೇಕೆಂದು ನಾನು ಉತ್ತರಿಸಿದೆ. ಕಾಡಿನ ಬೆಂಕಿಯಲ್ಲ ಅದು. ಮುಂಜಾನೆಯಿಂದ ಶೂಗಳು ಡ್ರಮ್ಮಿಗೆ ಉಜ್ಜಿಕೊಂಡೇ ಬಂದಿದ್ದವು. ನಾನು ಸಾಲದೆಂದು ಕಾಲಿನ ಪೆಡಲಿನ ಮೇಲೆ ಪಾದವನ್ನೂ ಇಟ್ಟುಕೊಂಡಿದ್ದೆ. ಇಳಿಜಾರು ಆರಂಭವಾಗುವ ಮೊದಲೇ ಹಬ್ ಕಾದ ಹಂಚಾಗಿತ್ತು.

ಜಾವಾ ಎರಡು ಸ್ಟ್ರೋಕಿನ ಇಂಜಿನ್. ಬುಲೆಟ್ಟಿನಂಥ ನಾಲ್ಕು ಸ್ಟ್ರೋಕಿನ ಬೈಕಿನಲ್ಲಿ ಗೇರ್ ಇಳಿಸಿ ಎಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಬೈಕನ್ನು ಎಳೆದು ಹಿಡಿಯುತ್ತದೆ. ಇದರಲ್ಲಿ ಆ ಹಿಡಿತ ತೀರಾ ಕಡಿಮೆ. ಅದೂ ಅಲ್ಲದೆ ಇದರ ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನೊಂದಿಗೆ ಬೆರೆತು. ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿದರೆ ಪಿಸ್ಟನ್ನಿಗೆ ಎಣ್ಣೆಯ ಕೊರತೆ. ಹೀಗಾಗಿ ಘಾಟಿಯಲ್ಲಿ ಜಾವಾದ ಭಾರವೆಲ್ಲ ಬ್ರೇಕಿನ ಮೇಲೆಯೇ. ಮೊದಲ ಹತ್ತು ತಿರುವುಗಳಲ್ಲಿ ಅದು ಚೆನ್ನಾಗಿಯೇ ಹಿಡಿಯಿತು. ಅನಂತರ ಲಿವರ್ ಮೆತ್ತಗಾಗುತ್ತಾ ಬಂತು. ಕಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಕಾದ ಲೈನಿಂಗ್ ಗಾಜಿನಂತೆ ನುಣುಪಾಗಿ ಉಜ್ಜುವ ಗುಣವನ್ನೇ ಕಳೆದುಕೊಳ್ಳುತ್ತದೆ. ಇದೆಲ್ಲ ನಾನು ಆಮೇಲೆ ತಿಳಿದದ್ದು. ಅಂದು ತಿಳಿದದ್ದಿಷ್ಟೇ, ಲಿವರ್ ಹಿಡಿಗೆ ತಾಗಿತ್ತು, ಪೆಡಲು ಕೆಳಗೆ ಹೋಗಿತ್ತು, ಬೈಕು ಮಾತ್ರ ನಿಲ್ಲುತ್ತಿರಲಿಲ್ಲ. ಮುಂದೆ ಬಲಕ್ಕೆ ಕಣಿವೆ, ಎಡಕ್ಕೆ ಬೆಟ್ಟದ ಬದಿಯ ಚರಂಡಿ. ನಾನು ಚರಂಡಿಗೆ ತಿರುಗಿಸಿದೆ.

ನನಗೆ ಮೊಣಕೈ ತರಚಿತು. ಉಪದೇಶಿಯವರ ತೊಡೆಯ ಮೂಳೆ ಮುರಿಯಿತು.

ಹಿಂದೆ ಬರುತ್ತಿದ್ದ ಲಾರಿಯವನು ನಿಲ್ಲಿಸಿ, ಹಬ್ಬಿನ ಮೇಲೆ ಒಂದು ಚೊಂಬು ನೀರೆರೆದ. ಅದು ಚುಂಯ್ ಎಂದು ಆವಿಯಾಯಿತು. ಅವನು ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಮುದುಕರನ್ನು ಎತ್ತಿ ಲಾರಿಯಲ್ಲಿ ಮಲಗಿಸಿದ. ತಂಗಿಯನ್ನು ನೋಡಲು ಹೊರಟವರು ಅದೇ ಊರಿನ ಆಸ್ಪತ್ರೆಯಲ್ಲಿ ತಾವೇ ಮಲಗಿದರು. ತಂಗಿ ಚೇತರಿಸಿಕೊಂಡು ಅಣ್ಣನಿಗೆ ಗಂಜಿ ತರುತ್ತಿದ್ದರು.

ಮೂರನೆಯ ದಿನ ಊರಿನಿಂದ ಜನ ನೋಡಲು ಬಂದಾಗ ನಾನು ಮಂಚದ ಪಕ್ಕದಲ್ಲೇ ಇದ್ದೆ. ಏನಾಯಿತೆಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಉಪದೇಶಿಯವರು, “ಆನೆ ಅಡ್ಡ ಬಂತು. ಸಾಮಿ ಚರಂಡಿಗೆ ಇಳಿಸ್ದೆ ಇದ್ದಿದ್ರೆ ಇಬ್ರೂ ಉಳೀತಿರ್ನಿಲ್ಲ” ಎಂದುಬಿಟ್ಟರು. ಬಂದವರು ನನ್ನ ಕೈಮುಗಿದರು. ಅವರು ಹೋದ ಮೇಲೆ, ಹೀಗೇಕೆ ಹೇಳಿದಿರೆಂದು ಕೇಳಿದೆ. ಅವರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: “ಸಾಮಿಗೆ ಬ್ರೇಕ್ ಕಟ್ಟಾಕೆ ಬರಾಕಿಲ್ಲ ಅಂದ್ರೆ ನಾಳೆ ನಿಮ್ ಹಿಂದೆ ಯಾರ್ ಕುಂತ್ಕತಾರೆ?”

ಅದನ್ನು ತಿದ್ದಲು ನನಗೆ ಎಷ್ಟೋ ಅವಕಾಶಗಳಿದ್ದವು. ತಿದ್ದಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಬರಿಗಾಲಿನಲ್ಲಿ ನಡೆದು ಮಕ್ಕಳಿಗೆ ಜಪ ಕಲಿಸುತ್ತಿದ್ದ ಮನುಷ್ಯ ಅವರು. ಕಾಲು ಒಂದಿಷ್ಟು ಗಿಡ್ಡವಾಗಿಯೇ ಕೂಡಿಕೊಂಡಿತು, ನಡಿಗೆ ನಿಂತಿತು. ಮಕ್ಕಳು ಅವರ ಜಗಲಿಗೆ ಬರಬೇಕಾಯಿತು. ಹತ್ತಿರದವರು ಬಂದರು, ದೂರದವರು ಬರಲಿಲ್ಲ. 2011ರಲ್ಲಿ ಅವರು ತೀರಿಕೊಂಡಾಗ ನಾನೇ ಅಂತ್ಯಕ್ರಿಯೆಯ ಪ್ರಬೋಧನೆ ಮಾಡಿದೆ. ಆನೆಯ ಕಥೆಯನ್ನು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಸಮಾಧಿಯ ಬಳಿ ಬೇರೊಬ್ಬರು ಹೇಳಿದರು.

ಬ್ರೇಕು ಕಟ್ಟುವುದನ್ನು ನನಗೆ ಕಲಿಸಿದವರು ಮೈಸೂರಿನ ಒಬ್ಬ ಮೇಸ್ತ್ರಿ. ಅಪಘಾತವಾದ ಕೆಲವು ತಿಂಗಳ ಮೇಲೆ ಬೈಕನ್ನು ಅವರ ಶೆಡ್ಡಿಗೆ ಒಯ್ದಿದ್ದೆ. ಚಕ್ರ ಬಿಚ್ಚಿ, ನೀಲಿಗಟ್ಟಿದ್ದ ಡ್ರಮ್ಮನ್ನು ನೋಡಿ ಅವರು ನಗಲಿಲ್ಲ, ಬೈಯಲೂ ಇಲ್ಲ. “ಹಿಡಿಯೋದನ್ನ ಆಮೇಲೆ ನೋಡಿ ಫಾದರ್. ಬಿಟ್ಟಾಗ ಪೂರ್ತಿ ಬಿಡುತ್ತಾ ಅಂತ ಮೊದಲು ನೋಡಿ” ಎಂದರು. ಅನಂತರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಲ ಕಟ್ಟಿ, ನಾಲ್ಕು ಸಲ ಬಿಚ್ಚಿ, ಐದನೆಯ ಸಲ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು.

ಶನಿವಾರ ಆ ಯುವಕ ಹೇಳಿದ ಹೊತ್ತಿಗೇ ಬಂದ. ಬೈಕನ್ನು ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ ಬಿಚ್ಚಿದೆವು. ಒಳಗಿನ ಧೂಳನ್ನು ಅವನು ಬಾಯಿಂದ ಊದಲು ಹೊರಟಾಗ ತಡೆದೆ. ಹಿಂದೆ ನಾವೆಲ್ಲ ಹಾಗೆಯೇ ಊದುತ್ತಿದ್ದೆವು. ಹಳೆಯ ಶೂಗಳ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ನಿಮ್ಮ ಮನೆಯಲ್ಲಿಯೂ ಇಂಥ ಹಳೆಯ ಗಾಡಿಯಿದ್ದರೆ ದಯವಿಟ್ಟು ನೆನಪಿಡಿ, ಊದಬಾರದು, ಒದ್ದೆಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಕ್ಯಾಮಿಗೂ ಪಿನ್ನಿಗೂ ಬೆರಳ ತುದಿಯಷ್ಟು ಮಾತ್ರ ಗ್ರೀಸ್ ಹಚ್ಚಿದೆವು. ಹೆಚ್ಚಾದರೆ ಅದು ಕರಗಿ ಲೈನಿಂಗಿಗೆ ಇಳಿಯುತ್ತದೆ, ಎಣ್ಣೆ ಕುಡಿದ ಲೈನಿಂಗ್ ಮತ್ತೆ ಉಪಯೋಗಕ್ಕೆ ಬಾರದು.

ಚಕ್ರ ಕೂರಿಸಿ, ಆಕ್ಸಲಿನ ನಟ್ಟನ್ನು ಇನ್ನೂ ಬಿಗಿ ಮಾಡದೆ, ಅವನಿಗೆ ಲಿವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿದೆ. ಹಾಗೆ ಹಿಡಿದಿರುವಾಗಲೇ ನಟ್ಟು ಬಿಗಿದರೆ ಎರಡು ಶೂಗಳೂ ಡ್ರಮ್ಮಿನ ನಡುವಿಗೆ ಸರಿಯಾಗಿ ಕೂರುತ್ತವೆ. ಎಷ್ಟೋ ಮೆಕ್ಯಾನಿಕ್ಕುಗಳೂ ಈ ಒಂದು ಕ್ಷಣದ ಕೆಲಸವನ್ನು ಮಾಡುವುದಿಲ್ಲ. ಅನಂತರ ಹಬ್ಬಿನ ಹೊರಗಿರುವ ಕ್ಯಾಮಿನ ತೋಳನ್ನು ನೋಡಲು ಹೇಳಿದೆ. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲಿಗೂ ಆ ತೋಳಿಗೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿಯ ಮೂಲೆ ಇರಬೇಕು. ಅದನ್ನು ದಾಟಿದರೆ ಎಳೆತದ ಬಲ ವ್ಯರ್ಥವಾಗುತ್ತದೆ. ಶೂ ಸವೆದಿದೆಯೆಂಬುದರ ಗುರುತು ಅದು. ಆಗ ನಟ್ಟನ್ನು ಮತ್ತಷ್ಟು ಬಿಗಿದು ಮೋಸ ಮಾಡಿಕೊಳ್ಳದೆ ಶೂ ಬದಲಿಸಬೇಕು.

ಅವನು ತಲೆಬಗ್ಗಿಸಿ ಆ ಮೂಲೆಯನ್ನು ನೋಡುತ್ತಿದ್ದಾಗ ನಾನು ಹೇಳಿದೆ: “ಆ ದಿನ ಆನೆ ಇರಲಿಲ್ಲಪ್ಪ.”

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಹಿಂದಿನ ರಾತ್ರಿಯ ಟಾರ್ಚು, ಅರ್ಧ ಸುತ್ತಿಗೆ ನಿಂತ ಚಕ್ರ, ಹಾಸನೂರಿನ ವಾಸನೆ, ಆಸ್ಪತ್ರೆಯಲ್ಲಿ ನಾನು ಮುಚ್ಚಿಕೊಂಡ ಬಾಯಿ. ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹೊತ್ತದ್ದನ್ನು ಹೇಳಲು ಹಿಡಿದದ್ದು ನಾಲ್ಕೈದು ನಿಮಿಷ. ಪಾಪನಿವೇದನೆ ಕೇಳುವ ಸ್ಥಾನದಲ್ಲಿ ಕುಳಿತು ಅಭ್ಯಾಸವಾದವನಿಗೆ, ಎದುರಿನವನ ಮೌನ ಎಷ್ಟು ಉದ್ದ ಇರಬಲ್ಲದೆಂಬುದು ತಿಳಿದಿರಲಿಲ್ಲ.

ಅವನು ಸ್ಪ್ಯಾನರನ್ನು ನೋಡುತ್ತಾ ಕುಳಿತಿದ್ದ. ಬಹಳ ಹೊತ್ತಿನ ಮೇಲೆ, “ತಾತ ಆನೆ ಎಷ್ಟು ದೊಡ್ಡದಿತ್ತು ಅಂತ ಕೂಡ ಹೇಳ್ತಿದ್ರು” ಎಂದ. “ಒಂದು ಕೊಂಬು ಮುರಿದಿತ್ತಂತೆ.”

ಆ ಮುರಿದ ಕೊಂಬಿನ ವಿಷಯ ನನಗೂ ಹೊಸದಾಗಿತ್ತು.

ಮತ್ತೆ ಅವನೇ ಹಿಂದಿನ ಚಕ್ರದ ಕಡೆ ಸರಿದು, ಮುಂದೇನೆಂದು ಕೇಳಿದ. ಅವನ ಧ್ವನಿಯಲ್ಲಿ ಏನಿತ್ತೆಂದು ನಾನು ಹೇಳಲಾರೆ. ಹಿಂದಿನದಕ್ಕೆ ಮೊದಲು ಚೈನು, ಆಮೇಲೆ ಬ್ರೇಕು ಎಂದೆ. ಚೈನು ಬಿಗಿ ಮಾಡಲು ಚಕ್ರವನ್ನು ಹಿಂದಕ್ಕೆ ಸರಿಸಿದರೆ ಬ್ರೇಕಿನ ಅಳತೆಯೂ ಬದಲಾಗುತ್ತದೆ. ಮೊದಲೇ ಬ್ರೇಕು ಕಟ್ಟಿಟ್ಟರೆ ಎರಡು ಸಲ ಕೆಲಸ. ಪೆಡಲಿನ ಎಳೆತ ಚಕ್ರಕ್ಕೆ ಮುಟ್ಟುವ ತುದಿಯಲ್ಲಿರುವ ನಟ್ಟನ್ನು ಅವನ ಕೈಗೆ ಬಿಟ್ಟೆ. ಒಂದೊಂದೇ ಸುತ್ತು ತಿರುಗಿಸು, ಪ್ರತಿ ಸುತ್ತಿಗೂ ಚಕ್ರವನ್ನು ತಿರುಗಿಸಿ ಕೇಳು, ಶೂ ತಾಗುವ ಸದ್ದು ಬಂದ ಕೂಡಲೇ ನಿಲ್ಲಿಸು, ಅಲ್ಲಿಂದ ಹಿಂದಕ್ಕೆ ಬಿಡು ಎಂದೆ. ಚಕ್ರ ಸರಾಗವಾಗಿ ತಿರುಗಬೇಕು. ಸುತ್ತಿಗೊಮ್ಮೆ ಎಲ್ಲೋ ಒಂದು ಕಡೆ ಒಣ ಎಲೆ ಸೋಕಿದಂತೆ ಸರ್ ಎಂದರೆ ಚಿಂತೆಯಿಲ್ಲ. ಅಷ್ಟು ಹಳೆಯ ಡ್ರಮ್ ಪೂರ್ತಿ ದುಂಡಗಿರುವುದಿಲ್ಲ. ಎಡೆಬಿಡದೆ ಉಜ್ಜುವ ಸದ್ದು ಮಾತ್ರ ಕೂಡದು. ಕೊನೆಗೆ ಒಬ್ಬರು ಬೈಕಿನ ಮೇಲೆ ಕುಳಿತು ಮತ್ತೊಮ್ಮೆ ಪೆಡಲ್ ನೋಡಬೇಕು, ಭಾರ ಬಿದ್ದಾಗ ಹಿಂದಿನ ಸ್ಪ್ರಿಂಗ್ ಕುಗ್ಗಿ ಅಳತೆ ಸ್ವಲ್ಪ ವ್ಯತ್ಯಾಸವಾಗುತ್ತದೆ. ಎರಡು ಕಿಲೋಮೀಟರ್ ಬ್ರೇಕು ಹಿಡಿಯದೆ ಓಡಿಸಿ ಬಂದು ಹಬ್ಬಿಗೆ ಅಂಗೈಯ ಹಿಂಬದಿಯನ್ನು ತಾಗಿಸಿ ನೋಡುವುದು ಮೇಸ್ತ್ರಿಗಳ ಕೊನೆಯ ಪರೀಕ್ಷೆ. ಬೆಚ್ಚಗಿದ್ದರೆ ಸರಿ, ಕೈ ಹಿಂದಕ್ಕೆ ಎಳೆದುಕೊಳ್ಳುವಂತಿದ್ದರೆ ಮತ್ತೆ ಸ್ಟ್ಯಾಂಡ್ ಹಾಕಬೇಕು. ನಿಮ್ಮಲ್ಲಿ ಹಲವರ ಸ್ಕೂಟರುಗಳಲ್ಲಿ ಇಂದಿಗೂ ಇರುವುದು ಇದೇ ಡ್ರಮ್ ಬ್ರೇಕು. ಮಕ್ಕಳು ಅದನ್ನು ಹೊರಗೆ ಒಯ್ಯುವ ಮೊದಲು ಹಬ್ಬನ್ನು ಹೀಗೆ ಮುಟ್ಟಿ ನೋಡಲು ಯಾವ ಮೆಕ್ಯಾನಿಕ್ಕೂ ಬೇಕಾಗಿಲ್ಲ.

ಅವನು ನಟ್ಟು ತಿರುಗಿಸುತ್ತಿದ್ದ, ಚಕ್ರ ತಿರುಗಿಸುತ್ತಿದ್ದ, ಕಿವಿಯನ್ನು ಹಬ್ಬಿನ ಹತ್ತಿರಕ್ಕೆ ತರುತ್ತಿದ್ದ. ಉಪದೇಶಿಯವರದೇ ಕಿವಿ, ಅದೇ ಅಗಲ.

“ಇಷ್ಟು ಸಾಕಾ ಫಾದರ್?”

ನಾನೂ ಬಗ್ಗಿ ಕೇಳಿದೆ. “ಇನ್ನರ್ಧ ಸುತ್ತು ಬಿಡು” ಎಂದೆ. ಅವನು ಬಿಟ್ಟ.

ಬೈಕನ್ನು ಅವನು ಅಂದು ಒಯ್ಯಲಿಲ್ಲ. ಕೈ ತೊಳೆದುಕೊಂಡು, ಅಮ್ಮನಿಗೆ ಒಂದು ಮಾತು ಹೇಳಬೇಕು, ಮುಂದಿನ ವಾರ ಬರುತ್ತೇನೆ ಎಂದ. ಯಾವ ಮಾತೆಂದು ನಾನು ಕೇಳಲಿಲ್ಲ. ಬೈಕು ಶೆಡ್ಡಿನಲ್ಲಿದೆ. ನಿನ್ನೆ ಸಂಜೆ ಕೇಬಲಿಗೆ ಎಣ್ಣೆ ಬಿಟ್ಟು, ಎರಡು ಕಿಲೋಮೀಟರ್ ಓಡಿಸಿ ಬಂದು ಹಬ್ಬನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ.